ಟಪ್ಕಾರ ಮೀಮಾಂಸೆ

ಜನವರಿಯ ಕಡೇ ಸೋಮವಾರ ಅಮೆರಿಕದವರಿಗೆ ಬಬಲ್ ರ‍್ಯಾಪ್ ಹಬ್ಬ. ಮಿಕ್ಸಿ, ಟೀವಿಗಳಿಗೆ ಸುತ್ತಿ ಬರುವ ಗುಳ್ಳೆಹಾಳೆಯನ್ನು ಬೆರಳಲ್ಲಿ ಒತ್ತಿ ಟಪ್ ಅನ್ನಿಸುವುದೇ ಅದರ ಸಕಲ ವಿಧಿ. ಕಾರ್ತಿಕದ ಕಡೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಅಲ್ಲೂ ಬೆರಳು, ಅಲ್ಲೂ ಟಪ್. ಇದನ್ನು ಕಾಕತಾಳೀಯ ಎನ್ನುವವರು ಕಾಗೆಯನ್ನೂ ಕಂಡವರಲ್ಲ, ತಾಳೆಯನ್ನೂ ಕಂಡವರಲ್ಲ. ಎರಡರಲ್ಲಿ ಮೂಲ ಯಾವುದು, ಕವಲು ಯಾವುದು ಎಂಬುದೇ ಇಲ್ಲಿನ ಜಿಜ್ಞಾಸೆ.

ಮೊದಲು ಕಾಲವಿಚಾರ: ಗುಳ್ಳೆಹಾಳೆ 1957ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿತು. ಫೀಲ್ಡಿಂಗ್, ಶವಾನ್ ಎಂಬಿಬ್ಬರು ಗೋಡೆಗೆ ಅಂಟಿಸುವ ಕಾಗದ ಮಾಡಹೊರಟು ಇದನ್ನು ಮಾಡಿಟ್ಟರು. ಹಬ್ಬದ ಮೂಲ 2001. ಇಂಡಿಯಾನಾದ ಬ್ಲೂಮಿಂಗ್ಟನ್‌ನಲ್ಲಿ ರೇಡಿಯೋ ಕೇಂದ್ರವೊಂದಕ್ಕೆ ಬಂದ ಮೈಕುಗಳ ಹೊದಿಕೆ ಒಡೆದ ಸದ್ದು ಹಾಗೇ ಪ್ರಸಾರವಾಯಿತಂತೆ. ಪರಿಷೆ ನಡೆಯುವ ನಮ್ಮ ದೊಡ್ಡ ಬಸವಣ್ಣನ ಗುಡಿಯನ್ನು ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ಪ್ರತೀತಿ. 464 ವರ್ಷ ಹಿರಿಯನನ್ನು ಕವಲು ಎನ್ನಲು ಯಾವ ವಂಶವೃಕ್ಷವೂ ಒಪ್ಪುವುದಿಲ್ಲ.

"ಕಡಲೆಕಾಯಿಯೇ ದಕ್ಷಿಣ ಅಮೆರಿಕದ್ದಲ್ಲವೇ ಸ್ವಾಮಿ?" ಎಂದು ಮಲ್ಲೇಶ್ವರ ಪಂಥದವರು ಕೊಕ್ಕೆ ಹಾಕಬಹುದು. (ಕಾಡು ಮಲ್ಲೇಶ್ವರನ ಸನ್ನಿಧಿಯಲ್ಲಿ ತಮ್ಮದೇ ಪರಿಷೆ ಇಟ್ಟುಕೊಂಡವರು ಬಸವನಗುಡಿಯ ಮಾತನ್ನು ಸುಮ್ಮನೆ ಒಪ್ಪುತ್ತಾರೆಯೇ?) ಹೌದು, ಬೀಜ ಅಲ್ಲಿಂದ ಬಂತು, ಸೋಮವಾರ ಇಲ್ಲಿಂದ ಹೋಯಿತು, ಲೆಕ್ಕ ಚುಕ್ತಾ. ಪರಿಷೆಯ ಐತಿಹ್ಯದಲ್ಲಿ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಗಳ ಹೊಲಕ್ಕೆ ನುಗ್ಗಿದ ಬಸವ ಮೇಯ್ದದ್ದು ಕಡಲೆಕಾಯಿಯನ್ನೇ ಹೊರತು ಪ್ಲಾಸ್ಟಿಕ್ಕನ್ನಲ್ಲ. ಈಗಿನ ಬೀದಿ ಹಸುಗಳು ಎರಡನ್ನೂ ಮೇಯುತ್ತವೆ, ಅದು ಬೇರೆ ಪ್ರಬಂಧ.

ಇನ್ನು ಧ್ವನಿವಿಚಾರ. ಹಸಿ ಕಾಯಿ ಒತ್ತಿದರೆ ಪಿಚಕ್, ಹುರಿದದ್ದು ಟಪ್. ಜೊಳ್ಳಿನದು ಎಲ್ಲಕ್ಕಿಂತ ಜೋರು, ಒಳಗೆ ಬರೀ ಗಾಳಿ. ಗುಳ್ಳೆಹಾಳೆಯಲ್ಲಿ ಆದಿಯಿಂದ ಅಂತ್ಯದವರೆಗೂ ಇದೇ. ಆದ್ದರಿಂದ ಅಮೆರಿಕದ ಹಬ್ಬವು ಬಸವನಗುಡಿ ಸಂಪ್ರದಾಯದ ಜೊಳ್ಳು ಶಾಖೆ ಎಂದು ಸಿದ್ಧವಾಯಿತು. ಸಿಪ್ಪೆಯ ತುದಿ ಬಿರಿಸಿ ಕಿವಿಗೆ ಓಲೆಯಾಗಿ ಕಚ್ಚಿಸಿಕೊಳ್ಳುವ ಬಾಲಸಂಸ್ಕಾರ ಆ ಶಾಖೆಯಲ್ಲಿ ಲುಪ್ತ. ಗಿರಿಗಿಟ್ಲೆಯಿಲ್ಲ, ಬೊಂಬಾಯಿ ಮಿಠಾಯಿಯಿಲ್ಲ, ಮುಖ್ಯವಾಗಿ ಪೀಪಿಯಿಲ್ಲ. ಬ್ಯೂಗಲ್ ರಾಕ್ ಪಕ್ಕದಲ್ಲೇ ಕೊಂಡ ಪೀಪಿ ರಾಮಕೃಷ್ಣಾಶ್ರಮ ದಾಟುವಷ್ಟರಲ್ಲಿ ಅಪ್ಪನ ಜೇಬು ಸೇರುತ್ತದೆ, ಮರುದಿನ ಅಟ್ಟ. ಮಗು ಕೇಳಿದರೆ "ಕಾಗೆ ಕಚ್ಚಿಕೊಂಡು ಹೋಯಿತು" ಎಂಬುದು ಸರ್ವಸಮ್ಮತ ಭಾಷ್ಯ.

ಕೆಲವರು ಜೂನ್ 6ರ ಯೋ-ಯೋ ದಿನವನ್ನೂ ಇದೇ ಪಂಕ್ತಿಯಲ್ಲಿ ಕೂರಿಸುತ್ತಾರೆ. ಅದು ಯೋ-ಯೋ ಮಾರಿ ದುಡ್ಡು ಮಾಡಿದ ಡಂಕನ್ ಎಂಬಾತನ ಹುಟ್ಟುಹಬ್ಬ, ಎಂದರೆ ಜಯಂತಿ. ನಮ್ಮಲ್ಲಿ ಜಯಂತಿಗಳಿಗೆ ಬರವಿಲ್ಲ. ಜೂನ್ 11 ವಿಶ್ವಸಂಸ್ಥೆಯ ಆಟದ ದಿನ, 2024ರಲ್ಲಿ ಮೊದಲ ಆಚರಣೆ. ಮಕ್ಕಳು ಆಡಲು ಜಗತ್ತಿನ ಸರ್ಕಾರಗಳೆಲ್ಲ ಕೂತು ಠರಾವು ಮಾಡಿದ ಮೇಲೆ ಇನ್ನೇನು, ಶಾಲೆಯಲ್ಲಿ ಅದರ ಮೇಲೆ ಎರಡು ಪುಟ ಬರೆದುಕೊಂಡು ಬರಲು ಹೇಳುವುದೊಂದು ಬಾಕಿ.

ಕೊನೆಗೆ ಪ್ರತ್ಯಕ್ಷ ಪ್ರಮಾಣ. ಗಾಂಧಿಬಜಾರಿನ ಮನೆಯೊಂದಕ್ಕೆ ಹೊಸ ಮಿಕ್ಸಿ ಬಂದಾಗ ತಾತನ ಮುಂದೆ ಒಂದು ಸೇರು ಹುರಿದ ಕಡಲೆಕಾಯಿ, ಮೊಮ್ಮಗನ ಮುಂದೆ ಗುಳ್ಳೆಹಾಳೆ ಇಟ್ಟು ಗಮನಿಸಲಾಯಿತು. ಸ್ವಲ್ಪ ಹೊತ್ತಿಗೆ ತಾತ ಹಾಳೆಯ ಒಂದು ತುದಿ ಎಳೆದುಕೊಂಡರು. "ಬಿಡು ತಾತ, ನಂದು!" "ನೀನು ಅರ್ಧ ಆಗಲೇ ಒಡೆದಿದ್ದೀಯಲ್ಲೋ!" ವಾದ ತಾರಕಕ್ಕೇರಿತು. ಕಡಲೆಕಾಯಿ ಯಾರಿಗೂ ಬೇಡವಾದ್ದರಿಂದ ಅಜ್ಜಿ ಅದನ್ನು ಬಿಡಿಸಿ, ಹೊಸ ಮಿಕ್ಸಿಗೆ ಹಾಕಿ ಚಟ್ನಿ ಮಾಡಿದರು.