ಓಎಂಆರ್ ಹಾಳೆಯೊಂದಿಗೆ ಜೋಗದಲ್ಲಿ ಮಾತುಕತೆ

ಜೋಗದ ಬಸ್ ಸ್ಟಾಂಡ್. ಹುಯ್ಯೋ ಎಂದು ಮಳೆ. ಒದ್ದೆಯಾದರೆ ಮೆಷಿನ್ ಓದುವುದಿಲ್ಲವೆಂದು, ಉತ್ತರದ ವೃತ್ತ ಕಪ್ಪು ಮಾಡುವ ಓಎಂಆರ್ ಹಾಳೆ ಕಂಬಳಿಕೊಪ್ಪೆ ಹೊದ್ದು ಕೂತಿತ್ತು.

ನಾನು: ಜೋಗಕ್ಕೇಕೆ ಬಂದಿರಿ?

ಹಾಳೆ: ನೆಂಟರನ್ನು ನೋಡಲು. ಜಲಪಾತದ ರಾಜ, ರಾಣಿ, ರೋರರ್, ರಾಕೆಟ್: ನನ್ನ ಹಾಗೇ ನಾಲ್ಕು ಆಯ್ಕೆ. ಆದರೆ ಇಲ್ಲಿ ನಾಲ್ಕೂ ಸರಿಯುತ್ತರವಂತೆ. ಹೀಗಾದರೆ ಪರೀಕ್ಷೆ ನಡೆಸುವುದು ಹೇಗೆ ಮಾರಾಯ್ರೆ!

ನಾನು: ನಿಮ್ಮ ಸುವರ್ಣಯುಗ ಯಾವುದು?

ಹಾಳೆ: 2021ರ ಜುಲೈ. ಕೊರೊನಾ ಕಾಲದ ಎಸ್‌ಎಸ್‌ಎಲ್‌ಸಿ. ಎರಡೇ ದಿನ ಪರೀಕ್ಷೆ. 22ನೇ ತಾರೀಕು ಮೂರು ಭಾಷೆಗೂ ಒಟ್ಟಿಗೆ. ಒಂದೊಂದಕ್ಕೆ 40 ಪ್ರಶ್ನೆ, 40 ಅಂಕ. ಪತ್ರವಿಲ್ಲ, ಪ್ರಬಂಧವಿಲ್ಲ. ಹೆಚ್ಚುಕಡಿಮೆ ಎಲ್ಲರೂ ಪಾಸ್!

ನಾನು: ಯಾರನ್ನೂ ಫೇಲ್ ಮಾಡುವುದಿಲ್ಲ ಎಂದು ಸರ್ಕಾರವೇ ಮೊದಲು ಹೇಳಿತ್ತಲ್ಲ?

ಹಾಳೆ: ಮುಂದಿನ ಪ್ರಶ್ನೆ.

ನಾನು: ಕಣ್ಣು ಮುಚ್ಚಿ ವೃತ್ತ ತುಂಬಿದರೆ?

ಹಾಳೆ: ತಪ್ಪಿಗೆ ಅಂಕ ಕಳೆಯದಿದ್ದರೆ 40ಕ್ಕೆ ಸರಾಸರಿ 10. ಪ್ರಸಾದ ಎಂದುಕೊಳ್ಳಿ.

ನಾನು: ಇಂಗ್ಲಿಷ್ ವ್ಯಾಕರಣ? ಮಾತಿನ ಕೊನೆಗೆ ಕೇಳಲು ನಮಗೆ ‘ಅಲ್ವಾ’ ಒಂದೇ ಸಾಕು. ಇಂಗ್ಲಿಷಿಗೆ ‘ಇಸಂಟ್ ಹಿ’, ‘ಡಿಡಂಟ್ ಶಿ’, ‘ವೋಂಟ್ ದೇ’...

ಹಾಳೆ: ನನ್ನಲ್ಲಿ ಸುಲಭ. ವಾಕ್ಯದಲ್ಲಿ ‘ನಾಟ್’ ಇಲ್ಲವೇ? ಬಾಲದಲ್ಲಿ ‘ನಾಟ್’ ಇರುವುದನ್ನು ಹುಡುಕು. ಎರಡು ಆಯ್ಕೆ ಅಲ್ಲೇ ಬಿದ್ದುಹೋದವು. ಉಳಿದೆರಡರಲ್ಲಿ ಕಿವಿಗೆ ಹಿತವಾದುದನ್ನು ಕಪ್ಪು ಮಾಡು.

ನಾನು: ಆಯ್ಕೆ ಕೊಡದೆ ‘ಬಿಟ್ಟ ಸ್ಥಳ ತುಂಬಿ’ ಎಂದರೆ?

ಹಾಳೆ: ನನ್ನಲ್ಲಿ ಸರಿಯಾಗಿ ಕಪ್ಪು ಮಾಡಿದ ಮಗುವೇ ‘ನೋ?’ ಎಂದು ಬರೆಯುತ್ತದೆ. ಬಾಯಲ್ಲಿ ಕೇಳಿದರೆ ಹೆಂಚು ಎಣಿಸುತ್ತದೆ.

ನಾನು: ಅಂದರೆ ಏನೂ ಬರುವುದಿಲ್ಲವೇ?

ಹಾಳೆ: ಗುರುತು ಹಿಡಿಯುವುದು ಬೇರೆ, ತಾನೇ ಕಟ್ಟಿ ಆಡುವುದು ಬೇರೆ. ಬೇಸಿಗೆಯಲ್ಲಿ ಬಂದು ನೋಡಿ: ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರಿದ್ದರೂ ಜೋಗದಲ್ಲಿ ಬರೀ ಬಂಡೆ. ನಾನು ಅಳೆಯುವುದು ಅಣೆಕಟ್ಟಿನ ಮಟ್ಟ. ಧುಮುಕುತ್ತದೋ ಇಲ್ಲವೋ ನನಗೆ ಗೊತ್ತಾಗದು.

ನಾನು: ಹಾಗಾದರೆ ಬರೆಸುವ ಪರೀಕ್ಷೆಯೇ ಮೇಲು?

ಹಾಳೆ: ರಜೆ ಅರ್ಜಿ ಬರೆಸಿ ನೋಡಿ. ಇಡೀ ಕ್ಲಾಸಿಗೆ ಒಂದೇ ದಿನ ಜ್ವರ! ಗೈಡಿನ ಬಾಯಿಪಾಠವೂ ಇಂಗ್ಲಿಷ್ ಅಲ್ಲ, ನನ್ನ ಕಪ್ಪು ಚುಕ್ಕೆಯೂ ಅಲ್ಲ. ಬೈಯುವುದಾದರೆ ಇಬ್ಬರಿಗೂ ಬೈಯಿರಿ.

ಅಷ್ಟರಲ್ಲಿ ಕಾರೊಂದು ನಿಂತಿತು. ಒಳಗಿದ್ದವರು ಫಾಲ್ಸ್‌ಗೆ ದಾರಿ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದರು. ಹಾಳೆ ತಡವರಿಸಿ ನನ್ನ ಕಿವಿಯಲ್ಲಿ ಹೇಳಿತು: “ನಾಲ್ಕು ಉತ್ತರ ಕೊಡಲು ಹೇಳಿ, ಒಂದನ್ನು ಆರಿಸುತ್ತೇನೆ.”

ಓದುಗರೇ, ಮಗುವಿಗೆ ಇಂಗ್ಲಿಷಿನಲ್ಲಿ ಎಷ್ಟು ಬಂತು ಎಂದು ಕೇಳುವ ಮುನ್ನ, ಪ್ರಶ್ನೆ ಹೇಗಿತ್ತು ಎಂದು ಕೇಳಿ.