ಸ್ಟ್ಯಾಂಡ್‌ಬೈ

ಸುದ್ದಗುಂಟೆಪಾಳ್ಯದಲ್ಲಿ ಪಿಜಿ ಬೋರ್ಡು ಬಿಟ್ಟರೆ ಕ್ರಾಸಿಗೊಬ್ಬರಂತೆ ಸಿಗುವವರು ರಾತ್ರಿ ಪಾಳಿಯ ನೆಟ್‌ವರ್ಕ್ ಎಂಜಿನಿಯರುಗಳು. ನಮ್ಮ ಪಾಲಿನವನು ಮಹಡಿ ಮೇಲೆ ಬಾಡಿಗೆಗಿದ್ದಾನೆ. ಅವನಿಗೆ ನಾವಿಟ್ಟ ಹೆಸರು ಸ್ಟ್ಯಾಂಡ್‌ಬೈ. ಲೋಕದಲ್ಲಿ ಯಾವುದೂ ಒಂಟಿಯಾಗಿರಬಾರದು ಅನ್ನುವುದು ಅವನ ವ್ರತ. ಎರಡು ಸಿಮ್ಮು, ಎರಡು ಇಂಟರ್‌ನೆಟ್ಟು, ಎರಡು ಸಿಲಿಂಡರು. ಡೇರಿ ಸರ್ಕಲ್ಲಿಗೆ ಹೋಗಲು ಎರಡು ಆ್ಯಪ್‌ನಲ್ಲಿ ಆಟೊ ಕರೆಯುತ್ತಾನೆ. ಎರಡೂ ಬರುವುದಿಲ್ಲ, ಅದು ಬೇರೆ ಮಾತು. ಕಾವೇರಿ ನೀರಿನ ಜೊತೆ ಬೋರೂ ಇದೆ ಅಂದ ಮೇಲೇ ಅಡ್ವಾನ್ಸ್ ಕೊಟ್ಟಿದ್ದು.

ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದು ಕೆಳಗೆ ಬಂದ. 'ಅಂಕಲ್, ದೊಡ್ಡ ರೂಟರಿಗೆ ಮಿದುಳು ಎರಡು. ಒಂದು ದುಡಿಯುತ್ತೆ, ಇನ್ನೊಂದು ಕಾಯುತ್ತೆ.' ಕರಿ ಪರದೆಯಲ್ಲಿ 'ಶೋ ರಿಡಂಡೆನ್ಸಿ ಸ್ಟೇಟ್ಸ್' ಅಂತ ಕುಟ್ಟಿದ. ಸಿಸ್ಕೋ ಯಂತ್ರ ಜಾತಕ ಒಪ್ಪಿಸಿತು: ನನ್ನ ಸ್ಥಿತಿ 13, ಆ್ಯಕ್ಟಿವ್, ಜೊತೆಗಾರನ ಸ್ಥಿತಿ 8, ಸ್ಟ್ಯಾಂಡ್‌ಬೈ ಹಾಟ್.

'ಹಾಟ್ ಅಂದ್ರೆ ಕೋಪಾನಾ?'

'ಅಯ್ಯೋ ಅಲ್ಲ ಅಂಕಲ್! ಇದರ ಸೆಟ್ಟಿಂಗ್ ಎಲ್ಲ ಅದಕ್ಕೂ ನಕಲಾಗಿರುತ್ತೆ. ಇದು ಕೈಕೊಟ್ಟ ತಕ್ಷಣ ಅದು ಎದ್ದು ನಿಲ್ಲುತ್ತೆ. ಜೊತೆಗಾರ ಇಲ್ಲದಿದ್ರೆ ಅಲ್ಲಿ 1, ಡಿಸೇಬಲ್ಡ್ ಅಂತ ಬರುತ್ತೆ. ಮೋಡ್ ಸಿಂಪ್ಲೆಕ್ಸ್.'

'ಅಂದ್ರೆ ನಿನ್ನ ಥರ,' ಅಂದಳು ನನ್ನಾಕೆ ಅಡುಗೆಮನೆಯಿಂದ.

'ಅಮ್ಮ ಎರಡು ಕಡೆ ಜಾತಕ ಕೊಟ್ಟಿದ್ದಾರೆ, ಆಂಟಿ.'

ಕಾಫಿ ಬಂದಿದ್ದೇ ಸ್ವರ ತಗ್ಗಿಸಿದ. ಪವರ್ ಸಪ್ಲೈ ಎರಡೂ ಸರಿ ಅಂತ ಕಮಾಂಡು ಹೇಳಿಬಿಡುತ್ತದಂತೆ. ಆದರೆ ಯಾವನೋ ಪುಣ್ಯಾತ್ಮ ಎರಡೂ ವೈರನ್ನು ಒಂದೇ ಬೋರ್ಡಿಗೆ ಚುಚ್ಚಿದ್ದರೆ ಅದಕ್ಕೇನು ಗೊತ್ತು? ಆ ಬೋರ್ಡು ಸತ್ತರೆ ಎರಡೂ ಒಟ್ಟಿಗೇ ಢಮಾರ್. ರ್‍ಯಾಕ್ ಹಿಂದೆ ಬಗ್ಗಿ ಕಣ್ಣಾರೆ ನೋಡಬೇಕಂತೆ. 'ಅಂಥ ದಡ್ಡರೂ ಇರ್ತಾರೆ ಅಂಕಲ್,' ಎಂದು ಮರುಗಿದ. ನಾನೂ ಮರುಗಿದೆ.

ಅದೇ ರಾತ್ರಿ ಎರಡೂವರೆಗೆ ಬಾಗಿಲು ಬಡಿದ ಸದ್ದು. ಬರ್ಮುಡಾದಲ್ಲಿ ಸ್ಟ್ಯಾಂಡ್‌ಬೈ.

'ಅಂಕಲ್, ಕಸ ಇಡೋಕೆ ಹೊರಗೆ ಬಂದೆ. ಗಾಳಿಗೆ ಬಾಗಿಲು ಲಾಕ್ ಆಯ್ತು. ಕೀ ಒಳಗಿದೆ.'

'ನಿನ್ ಹತ್ರ ಎರಡು ಕೀ ಇದ್ಯಲ್ಲಪ್ಪಾ?'

ಅವನು ಚಪ್ಪಲಿ ನೋಡಿಕೊಂಡ. 'ಎರಡೂ ಒಂದೇ ಗೊಂಚಲಲ್ಲಿವೆ.'

ನನ್ನಾಕೆ ಎದ್ದು, ಕ್ಯಾಲೆಂಡರ್ ಹಿಂದಿನ ಮೊಳೆಯಿಂದ ಮೂರನೇ ಕೀ ತೆಗೆದು ಅವನ ಕೈಗೆ ಕುಕ್ಕಿದಳು. ಅವಳ ಮುಖ ನೋಡಿದೆ. ಹಾಟ್ ಅಂದರೆ ಕೋಪವೇ.