ಹದಿನೈದು ನಿಮಿಷದ ರಾಯರು

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕಂಡವರ ದುಡ್ಡು ಎಣಿಸಿದ ಕೈ, ನಿವೃತ್ತಿಯಾಯಿತೆಂದು ಸುಮ್ಮನಿರುತ್ತದೆಯೇ? ನಮ್ಮ ಪಕ್ಕದ ಮನೆ ರಾಯರು ಈಗ ಜೇನು ಎಣಿಸುತ್ತಾರೆ. ಸಂಬಳವಿಲ್ಲ. ಬ್ಯಾಂಕಿಗಿದ್ದ ಭಾನುವಾರದ ರಜೆಯೂ ಇಲ್ಲ. ಬೆಂಗಳೂರಿನಲ್ಲಿ ತಾರಸಿ ತೋಟವಿರುವ ರಸ್ತೆಗೊಬ್ಬರು ಇಂಥವರು ಇದ್ದೇ ಇರುತ್ತಾರೆ.

ಬೆಳಿಗ್ಗೆ 10ಕ್ಕೆ ಸರಿಯಾಗಿ ತಾರಸಿಯ ಮೇಲೆ ಪ್ಲಾಸ್ಟಿಕ್ ಸ್ಟೂಲು, ತೊಡೆಯ ಮೇಲೆ ಗೆರೆ ಹಾಕಿದ ಪುಸ್ತಕ, ಎದುರಿಗೆ ಕದಿರು ಬಿಟ್ಟ ತುಳಸಿ. 15 ನಿಮಿಷ ಯಾರೂ ಉಸಿರೆತ್ತುವಂತಿಲ್ಲ.

"ರೀ, ಪೂಜೆಗೆ ಎರಡು ಕುಡಿ ತುಳಸಿ."

"ನೀಲಿ ಪಟ್ಟೆಯದು ಬಂದಿದೆ ಕಣೇ. ಹತ್ತೂಕಾಲಿಗೆ ಬಾ."

ದೇವರೂ ಕಾಯುತ್ತಾನೆ.

ಈ ನೀಲಿ ಪಟ್ಟೆಯ ಜೇನೇ ಅವರ ಮನೆದೇವರು ಎನ್ನಿ. ಊಟಕ್ಕೆ ಕರೆದು ಬದನೆಕಾಯಿ ಎಣ್ಣೆಗಾಯಿ ಬಡಿಸಿದಿರೋ, ಕೆಟ್ಟಿರಿ. ಬದನೆ ಹೂವಿನ ಪರಾಗ ಇರುವುದು ಕೊಳವೆಯೊಳಗೆ. ತುದಿಯಲ್ಲಿ ಸೂಜಿಯಷ್ಟು ತೂತು. ಪೆಟ್ಟಿಗೆಯಲ್ಲಿ ಸಾಕುವ ತುಡುವೆಗೆ ಅದನ್ನು ಉದುರಿಸುವ ವಿದ್ಯೆ ಬಾರದು. ಇದಾದರೆ ಹೂವನ್ನು ತಬ್ಬಿ ಮೈಯನ್ನೇ ಝುಂಯ್ ಎನ್ನಿಸುತ್ತದೆ, ಪೌಡರ್ ಡಬ್ಬ ಕುಲುಕಿದ ಹಾಗೆ ಪರಾಗ ಉದುರುತ್ತದೆ. ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಎಣ್ಣೆಗಾಯಿ ಆರಿ ತಣ್ಣಗಾಗಿರುತ್ತದೆ. ಈ ಜೇನಿನ ಗಂಡುಗಳು ರಾತ್ರಿ ಒಣಕಡ್ಡಿಯನ್ನು ದವಡೆಯಲ್ಲಿ ಕಚ್ಚಿಕೊಂಡು ಸಾಲಾಗಿ ಮಲಗುತ್ತವಂತೆ. ನೋಡಲು ರಾಯರು ಟಾರ್ಚ್ ಹಿಡಿದು ಹೋಗುತ್ತಾರೆ. "ನನ್ನ ಮಕ್ಕಳು ಹೊದ್ದುಕೊಂಡಿದ್ದಾವೋ ಅಂತ ಒಂದು ರಾತ್ರಿ ಎದ್ದು ನೋಡಿದವರಲ್ಲ" ಎನ್ನುವುದು ಹೆಂಡತಿಯ ದೂರು.

ಲೆಕ್ಕವೇನೂ ಸುಲಭವಲ್ಲ. ಹೋದ ಜೇನೇ ತಿರುಗಿ ಬಂದರೆ ಅದು ಹೊಸ ಗಿರಾಕಿಯೋ ಹಳೆಯ ಖಾತೆದಾರನೋ? ಒಮ್ಮೆ ಐದು ಎಂದು ಬರೆದದ್ದನ್ನು ಎದುರು ಮನೆಯ ಎರಡನೇ ಕ್ಲಾಸಿನ ಹುಡುಗಿ ಇಣುಕಿ ನೋಡಿ, "ತಾತಾ, ಅದರಲ್ಲಿ ಒಂದು ನೊಣ. ಎರಡೇ ರೆಕ್ಕೆ ಇತ್ತು" ಎಂದಳು. ಜೇನಿನ ವೇಷ ಹಾಕುವ ನೊಣಗಳಿವೆ, ರಾಯರು ಮೋಸಹೋಗಿದ್ದರು. ಕೆಂಪು ಇಂಕಿನಲ್ಲಿ ಐದನ್ನು ಹೊಡೆದು ನಾಲ್ಕು ಮಾಡಿ, ಪಕ್ಕದಲ್ಲಿ ಇನಿಶಿಯಲ್ ಹಾಕಿದರು.

ಮೊನ್ನೆ ಧೋ ಎಂದು ಮಳೆ. ಕೊಡೆ ಹಿಡಿದು ಸ್ಟೂಲಿನ ಮೇಲೆ ರಾಯರು.

"ಈ ಮಳೇಲಿ ಯಾವ ಜೇನು ಬರತ್ತೇರೀ?"

"ಸೊನ್ನೆ ಬಂದರೆ ಸೊನ್ನೇನೇ ಬರೀಬೇಕು."

"ಒಳಗೆ ಕೂತು ಬರೀರಿ, ಯಾರು ಕೇಳ್ತಾರೆ?"

"ಕಳ್ಳಲೆಕ್ಕ ಆಗತ್ತೆ ಕಣೇ. ಇನ್ನೂ ನಾಲ್ಕು ನಿಮಿಷ ಇದೆ."